ಕೊಸರಿಗೆ ಬಂದ ಕಾರ್ಡು

ಕ್ಯಾಮೆರಾಕ್ಕೆ ಸಾವಿರದ ಎಂಟುನೂರ ಐವತ್ತು ಕೊಟ್ಟೆ. ಕೋಲಾರದ ಅಂಗಡಿಯವನು ಹೇಳಿದ್ದು ಎರಡು ಸಾವಿರದ ಏಳುನೂರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಹೇಗೂ ಕೇಳುತ್ತೀರಿ. ನಮ್ಮ ಕಡೆ ಒಬ್ಬ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೂ ಮೊದಲು ಅದರ ಬೆಲೆ ಕೇಳಿ, ಆಮೇಲೆ ಅವನ ಯೋಗಕ್ಷೇಮ ಕೇಳುವ ಜನ ನಾವು. ಆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ಎರಡು ಸಲ ಮೆಟ್ಟಿಲಿಳಿದು ಹೊರಟೆ, ಎರಡು ಸಲವೂ ಅವನೇ ಕೂಗಿ ಕರೆದ. ಬಿಲ್ ಬೇಡ ಅಂದೆ, ಸ್ವಲ್ಪ ಇಳಿದ. ಗೋಡೆಗೆ ಹಾಕಿಕೊಡಲು ನಿಮ್ಮ ಆಳು ಬರುವುದು ಬೇಡ ಅಂದೆ, ಇನ್ನಷ್ಟು ಇಳಿದ. ದುಡ್ಡು ಎಣಿಸಿ ಕೊಟ್ಟು, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡ ಮೇಲೆ ಕೊಸರು ಕೇಳಿದೆ. ಸೊಪ್ಪಿನ ಕಟ್ಟು ಕೊಂಡರೆ ಒಂದೆರಡು ಕೊತ್ತಂಬರಿ ಎಸಳನ್ನು ಮೇಲಿಟ್ಟು ಕೊಡುತ್ತಾರಲ್ಲ, ಆ ಕೊಸರು. ಕ್ಯಾಮೆರಾ ಅಂಗಡಿಯಲ್ಲಿ ಕೊಸರು ಕೇಳಿದ ಮೊದಲನೇ ಗಿರಾಕಿ ನಾನೇ ಇರಬೇಕು. ಅವನು ಮೇಜಿನ ಖಾನೆ ಎಳೆದು, ಉಗುರಿನಗಲದ ಒಂದು ಮೆಮೊರಿ ಕಾರ್ಡು ತೆಗೆದು ಕೈಗಿಟ್ಟು, "ಯಜಮಾನ್ರೇ, ಇದನ್ನೂ ತಗೊಂಡು ಹೋಗ್ಬಿಡಿ. ಒಂದು ವರ್ಷ ಈ ಕಡೆ ಬರಬೇಡಿ" ಎಂದ. ಮುಳಬಾಗಿಲು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಮಾತನ್ನು ಪದಕದ ಹಾಗೆ ಎದೆಗೆ ಹಾಕಿಕೊಂಡು ಬಂದೆ.

ಯಾಕೆ ತಂದೆ ಅಂದರೆ, ಒಂದು ನಲ್ಲಿಗೋಸ್ಕರ. ಮನೆ ಮುಂದಿನ ಸಿಮೆಂಟ್ ತೊಟ್ಟಿಗೆ ಹಿತ್ತಾಳೆ ನಲ್ಲಿ ಹಾಕಿಸಿದ್ದೆ. ಒಂದು ದಿನ ಬೆಳಗ್ಗೆ ಎದ್ದರೆ ನಲ್ಲಿ ಇಲ್ಲ, ತೊಟ್ಟಿಯ ನೀರೆಲ್ಲ ಬೀದಿಯ ಪಾಲು. ಇನ್ನೊಂದು ಹಾಕಿಸಿದೆ. ಇಪ್ಪತ್ತು ದಿನಕ್ಕೆ ಅದೂ ಮಾಯ. ಮೂರನೆಯದನ್ನು ಹಾಕಿಸಿದೆ, ಈ ಸಲ ಆ ಕಳ್ಳನ ಮುಖ ನೋಡಲೇಬೇಕು ಅನ್ನಿಸಿತು. ನನ್ನ ಕೈಯಿಂದ ಇನ್ನೊಬ್ಬರು ಏನನ್ನಾದರೂ ಪುಕ್ಕಟೆ ತೆಗೆದುಕೊಂಡು ಹೋದರೆ ನನಗೆ ಊಟ ರುಚಿಸುವುದಿಲ್ಲ. ಅದೇನಿದ್ದರೂ ನಾನು ಬೇರೆಯವರಿಗೆ ಮಾಡುವ ಕೆಲಸ.

ಆದರೆ ಸಾವಿರದ ಎಂಟುನೂರ ಐವತ್ತು ಬರೀ ಅಂಗಡಿ ಬೆಲೆ. ಆ ಕ್ಯಾಮೆರಾದ ದೆಸೆಯಿಂದ ನಾನು ಪಕ್ಕದ ಮನೆಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಪಕ್ಕದ ಮನೆ ಅಂದರೆ ಮೆಹಬೂಬ್ ಸಾಬರ ಮನೆ, ಇಪ್ಪತ್ತೆರಡು ವರ್ಷದಿಂದ ಒಂದೇ ಕಾಂಪೌಂಡ್ ಗೋಡೆ. ಆ ಕಥೆ ಹೇಳೋಣವೆಂದೇ ಕೂತಿದ್ದೇನೆ.

ನನ್ನ ವ್ಯಾಪಾರ ಕ್ರೇಟಿನದು. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು, ಹಳೆಯದು, ಹೊಸದು, ಕಿವಿ ಮುರಿದದ್ದು. ಬೈರಕೂರಿನಿಂದ ಮುಳಬಾಗಿಲಿಗೆ ಬಂದಾಗ ಹಳೇ ಗೋಣಿಚೀಲಗಳನ್ನು ಬೆನ್ನಿನ ಮೇಲೆ ಹೊತ್ತು ಮಾರುತ್ತಿದ್ದೆ. ಇವತ್ತು ಅಂಗಡಿ ಇದೆ, ಸೈಟಿದೆ, ಸೈಟಿನಲ್ಲಿ ಮನೆಯಿದೆ, ಮನೆಯ ಹಿಂದೆ ನೀರು ಬಿದ್ದ ಬೋರ್‌ವೆಲ್ ಇದೆ. ನಮ್ಮ ಜಿಲ್ಲೆಯವರಿಗೆ ಈ ಕೊನೆಯ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಮಾತಾಡಿ ಮಾತಾಡಿಯೇ ಇದೆಲ್ಲ ಆದದ್ದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಾನು ಕಾಲಿಟ್ಟರೆ ಎರಡು ಅಂಗಡಿಯವರು ಊಟಕ್ಕೆ ಹೋಗಿಬಿಡುತ್ತಾರೆ ಎಂದು ನನ್ನ ಹೆಂಡತಿ ಸರೋಜ ನೆಂಟರ ಮುಂದೆಲ್ಲ ಹೇಳುತ್ತಾಳೆ. ಅವಳು ಅದನ್ನು ಹೊಗಳಿಕೆಯಾಗಿ ಹೇಳುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಕ್ಯಾಮೆರಾ ತಂದ ಮೇಲೆ ಗೊತ್ತಾಯಿತು, ಅದಕ್ಕೆ ನೆಟ್ ಬೇಕಂತೆ. ಪ್ರತಿ ತಿಂಗಳೂ ಯಾವನಿಗೋ ನೆಟ್ಟಿನ ದುಡ್ಡು ಕಟ್ಟುವುದು ನನ್ನ ರಕ್ತಕ್ಕೆ ಒಗ್ಗುವ ವಿಷಯವಲ್ಲ. ಗೋಡೆಯಾಚೆ ನೋಡಿದೆ. ಮೆಹಬೂಬ್ ಸಾಬರ ಮಗಳು ಶಬಾನಾ ಆಗ ಬಿ.ಎಡ್. ಓದುತ್ತಿದ್ದಳು, ಅವರ ಮನೆಗೆ ವೈಫೈ ಹಾಕಿಸಿದ್ದರು. ಅವರ ಮನೆಯಲ್ಲಿ ಬೋರ್ ಇಲ್ಲ, ನನ್ನ ಮನೆಯಲ್ಲಿ ನೆಟ್ ಇಲ್ಲ. ಒಂದು ಸಂಜೆ ಗೋಡೆಯ ಮೇಲೆ ಮೊಣಕೈ ಊರಿ ಮಾತು ಮುಗಿಸಿದೆ. ನಮ್ಮ ಮೋಟರ್ ಬೆಳಗ್ಗೆ ಓಡುವಾಗ ಒಂದು ಗಂಟೆ ಗೋಡೆ ಮೇಲಿನ ಪೈಪಿನಲ್ಲಿ ಅವರ ಸಂಪ್ ತೊಟ್ಟಿಗೆ ನೀರು, ಅವರ ನೆಟ್ಟಿನಿಂದ ನನ್ನ ಕ್ಯಾಮೆರಾಕ್ಕೆ ಒಂದು ಎಳೆ. ದುಡ್ಡಿನ ಸುದ್ದಿಯೇ ಇಲ್ಲ. ಸಾಬರು ಪಾಸ್‌ವರ್ಡನ್ನು ಹಾಸಿಗೆ ಅಂಗಡಿಯ ಚೀಟಿಯ ಹಿಂದೆ ಬರೆದು ಕೊಟ್ಟರು. ಅವರು ಹತ್ತಿ ಹಾಸಿಗೆ ಹೊಲಿಯುವವರು. ಗಡ್ಡದಲ್ಲಿ ಯಾವಾಗಲೂ ಒಂದೆರಡು ಹತ್ತಿಯ ಎಳೆ ಇರುತ್ತದೆ, ಯಾವುದು ನರೆ ಯಾವುದು ಹತ್ತಿ ಎಂದು ಹೇಳುವುದು ಕಷ್ಟ.

ಐದು ತಿಂಗಳು ಚೆನ್ನಾಗಿ ನಡೆಯಿತು. ಅಂಗಡಿಯಲ್ಲಿ ಕೂತು ಫೋನಿನಲ್ಲಿ ನನ್ನ ಮನೆಯ ಗೇಟನ್ನು ನಾನೇ ನೋಡುತ್ತಿದ್ದೆ. ಗಿರಾಕಿಗಳಿಗೂ ತೋರಿಸುತ್ತಿದ್ದೆ. ನಲ್ಲಿ ಕಳ್ಳ ಮಾತ್ರ ಬರಲಿಲ್ಲ.

ಬೇಸಿಗೆ ಬಂತು, ನನ್ನ ತಲೆ ಓಡತೊಡಗಿತು. ಕ್ಯಾಮೆರಾ ಅನ್ನುವುದು ಎಷ್ಟು ನೆಟ್ ಕುಡಿದೀತು, ಗುಬ್ಬಿ ಕುಡಿದಷ್ಟು. ಅವರು ಕುಡಿಯುವುದೋ ಬೋರಿನ ನೀರು, ಒಂದು ಗಂಟೆ ಪೂರ್ತಿ. ಸಾಬರ ಹೆಂಡತಿ ಶಂಶಾದ್‌ಬೀ ಬಾಗಿಲ ಮುಂದೆ ನೀರು ಚಿಮುಕಿಸುವುದು ಕಣ್ಣಿಗೆ ಬಿದ್ದರೆ ನನ್ನ ಎದೆಯಲ್ಲಿ ಟೊಮೆಟೊ ಹಿಸುಕಿದ ಹಾಗಾಗುತ್ತಿತ್ತು. ಯಾರಿಗೂ ಹೇಳದೆ ನಾನು ಒಂದು ತೀರ್ಮಾನಕ್ಕೆ ಬಂದೆ. ಆರು ಗಂಟೆಗೆ ಅವರ ಕಡೆಯ ಪೈಪಿನ ವಾಲ್ವು ತೆರೆಯುವವನು ಏಳಕ್ಕೆ ಮುಚ್ಚುತ್ತಿದ್ದೆನಲ್ಲ, ಆರೂವರೆಗೇ ಮುಚ್ಚತೊಡಗಿದೆ. ಆ ಹೊತ್ತಿಗೆ ಸರೋಜ ದೇವರ ಮುಂದೆ ಇರುತ್ತಾಳೆ. ಸಾಬರು ಕೇಳಲಿಲ್ಲ. ಕೇಳಲಿಲ್ಲ ಅಂದರೆ ಗೊತ್ತಾಗಿಲ್ಲ ಎಂದುಕೊಂಡೆ. ಆದರೂ ಅವತ್ತಿನಿಂದ ಗೋಡೆಯ ಹತ್ತಿರ ಮೊಣಕೈ ಊರುವುದನ್ನು ಬಿಟ್ಟೆ, ಬೀದಿಯಲ್ಲಿ ಅವರು ಎದುರಾದರೆ ಫೋನು ಕಿವಿಗಿಟ್ಟುಕೊಂಡು ಹೋಗುವುದನ್ನು ಕಲಿತೆ.

ಹತ್ತು ದಿನವಾಗಿರಬೇಕು, ಒಂದು ಸೋಮವಾರ ಅಂಗಡಿಯಲ್ಲಿ ಫೋನು ತೆಗೆದರೆ ಗೇಟಿನ ಬದಲು ಬೂದು ಬಣ್ಣದ ಪರದೆ, ನಡುವೆ ಸುತ್ತುತ್ತಲೇ ಇರುವ ಒಂದು ಚಕ್ರ. ಮನೆಗೆ ಬಂದು ನೋಡಿದರೆ ಕ್ಯಾಮೆರಾದ ನೀಲಿ ದೀಪ ಕೆಂಪಾಗಿ ಮಿಣುಕುತ್ತಿತ್ತು.

ಮೊದಲು ಕೋಲಾರದ ಅಂಗಡಿಯವನಿಗೆ ಫೋನು ಮಾಡಿದೆ. ಬಿಲ್ ನಂಬರ್ ಹೇಳಿ ಎಂದ. ಬಿಲ್ ಬೇಡವೆಂದು ಮುಕ್ಕಾಲು ಗಂಟೆ ವಾದಿಸಿದವನು ನಾನೇ ಎಂದು ನೆನಪಿಸಿದೆ. ಅವನಿಗೂ ನೆನಪಿತ್ತು. ಅದಕ್ಕೇ ಕೇಳಿದ್ದಂತೆ. ಆಮೇಲೆ ಕರುಣೆ ಬಂದು, ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿ ಎಂದು ಸಲಹೆ ಕೊಟ್ಟು ಫೋನಿಟ್ಟ. ಏಳು ಸಲ ಆಫ್ ಮಾಡಿ ಏಳು ಸಲ ಆನ್ ಮಾಡಿದೆ.

ಏಣಿ ಕೊಂಡಿರಲಿಲ್ಲ. ಕ್ರೇಟು ವ್ಯಾಪಾರಿಗೆ ಏಣಿ ಯಾಕೆ? ನಾಲ್ಕು ಕ್ರೇಟು ಒಂದರ ಮೇಲೊಂದು ಇಟ್ಟು ಹತ್ತಿದೆ. ಕ್ಯಾಮೆರಾದ ಬೆನ್ನಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು, ಅದಕ್ಕೆ ಪಿನ್ನು ಚುಚ್ಚಿ ಹಿಡಿಯಬೇಕೆಂದು ಡಬ್ಬಿಯ ಮೇಲೆ ಚಿತ್ರವಿತ್ತು. ಸರೋಜಳ ಸೆರಗಿನ ಪಿನ್ನು ಕೇಳಿ ಪಡೆದು ಚುಚ್ಚಿದೆ. ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ದನಿ ಬಹಳ ಮರ್ಯಾದಸ್ಥೆಯದು. ಜೋಡಣೆಗೆ ಕಾಯುತ್ತಿದ್ದೇನೆ ಅಂತ ಏನೋ ಹೇಳಿದಳು. "ಆಯ್ತಮ್ಮ, ಕಾಯಿ" ಎಂದೆ. ಫೋನಿನಲ್ಲಿ ಮೂಡಿದ ಚೌಕಳಿ ಚಿತ್ರವನ್ನು ಅವಳ ಕಣ್ಣಿಗೆ ಹಿಡಿದೆ. ಮತ್ತೊಮ್ಮೆ ಪ್ರಯತ್ನಿಸಿ ಎಂದಳು. ಹತ್ತಿರ ಹಿಡಿದೆ, ದೂರ ಹಿಡಿದೆ, ಕನ್ನಡಕದ ಬಟ್ಟೆಯಿಂದ ಅವಳ ಕಣ್ಣು ಒರೆಸಿದೆ. ಮತ್ತೊಮ್ಮೆ ಪ್ರಯತ್ನಿಸಿ. ಹೆಚ್ಚೂಕಡಿಮೆ ಒಂದು ಗಂಟೆ ಅವಳ ಜೊತೆ ಮಾತಾಡಿದ್ದೇನೆ. ಒಂದು ಪೈಸೆಯಷ್ಟೂ ಇಳಿಯದ ಹೆಂಗಸನ್ನು ನನ್ನ ಜೀವಮಾನದಲ್ಲಿ ನೋಡಿದ್ದು ಅವಳೊಬ್ಬಳನ್ನೇ.

ಮಾರನೆಯ ದಿನ ಎಲೆಕ್ಟ್ರಿಷಿಯನ್ ಕರೆಸಿದೆ. ಬಂದು ನೋಡುವುದಕ್ಕೇ ಮುನ್ನೂರು ಅಂದ, ನಾನು ನೂರೈವತ್ತಕ್ಕೆ ಇಳಿಸಿದೆ. ಅವನು ಕ್ಯಾಮೆರಾ ನೋಡಿದ, ನನ್ನ ಫೋನು ನೋಡಿದ, "ನೆಟ್ ಬರ್ತಾ ಇಲ್ಲ" ಎಂದ, ನೂರೈವತ್ತು ಜೇಬಿಗಿಟ್ಟುಕೊಂಡ. ಯಾಕೆ ಬರುತ್ತಿಲ್ಲ ಎಂದು ಕೇಳಿದರೆ, ಅದು ಮಿಕ್ಕ ನೂರೈವತ್ತರಲ್ಲಿತ್ತು ಎಂದು ಹೇಳಿ ಗಾಡಿ ಹತ್ತಿದ.

ನೀವು ಕೇಳಬಹುದು, ಎರಡು ಹೆಜ್ಜೆ ಇಟ್ಟು ಪಕ್ಕದ ಮನೆಯಲ್ಲಿ ವಿಚಾರಿಸಿದರೆ ಆಗುತ್ತಿರಲಿಲ್ಲವೇ ಅಂತ. ಆಗುತ್ತಿತ್ತು. ವಾಲ್ವು ಪೂರ್ತಿ ತೆರೆದಿದ್ದ ದಿನಗಳಾಗಿದ್ದರೆ ಆಗುತ್ತಿತ್ತು.

ಇಲ್ಲಿ ನನ್ನ ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಬೈರಕೂರಿನಲ್ಲಿ ನಮ್ಮದು ಎರಡು ಎಕರೆ ಕಡಲೆಕಾಯಿ ಹೊಲ, ಪಕ್ಕದ್ದು ಯಲ್ಲಮ್ಮನದು. ಕಳೆ ತೆಗೆಯುವ ಕಾಲಕ್ಕೆ ಕೂಲಿ ಕೊಡುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು. ಆ ಮುಯ್ಯಿ ಈಗಲೂ ನನ್ನ ಮೂಗಿಗೆ ಬರುತ್ತದೆ, ಬಿಸಿಲಿಗೆ ಕಾದ ಕೆಮ್ಮಣ್ಣು, ಕಿತ್ತ ಗರಿಕೆಯ ಹಸಿ ವಾಸನೆ, ಬುತ್ತಿಯ ರಾಗಿ ಮುದ್ದೆಯ ಜೊತೆ ಹುಚ್ಚೆಳ್ಳಿನ ಚಟ್ನಿ. ನನಗೆ ಹನ್ನೊಂದು ವರ್ಷ. ಬದುವಿನ ಮೇಲೆ ಕೂತು ಸಾಲು ಎಣಿಸಿದೆ. ಅಮ್ಮ ಅವರ ಹೊಲದಲ್ಲಿ ತೆಗೆದದ್ದಕ್ಕಿಂತ ಯಲ್ಲಮ್ಮ ನಮ್ಮ ಹೊಲದಲ್ಲಿ ಎರಡು ಸಾಲು ಕಮ್ಮಿ ತೆಗೆದಿದ್ದಳು. ಓಡಿಹೋಗಿ ಅಮ್ಮನಿಗೆ ಹೇಳಿದೆ, ಬೆನ್ನು ತಟ್ಟುತ್ತಾಳೆಂದು ನಿಂತೆ. ಅಮ್ಮ ಮಾರನೆಯ ಬೆಳಗ್ಗೆ ಎಬ್ಬಿಸಿ ಕೈಗೆ ಕುಡುಗೋಲು ಕೊಟ್ಟು, ಯಲ್ಲಮ್ಮನ ಹೊಲದಲ್ಲಿ ನಾಲ್ಕು ಸಾಲು ಕಳೆ ತೆಗೆದು ಬಾ ಅಂದಳು. ಯಾಕೆ ನಾಲ್ಕು ಎಂದು ಅತ್ತೆ.

"ಎರಡು ಮುಯ್ಯಿಗೆ. ಇನ್ನೆರಡು ನೀನು ಎಣಿಸಿದ್ದಕ್ಕೆ ಕಣೋ" ಎಂದಳು.

ಅಂಥ ಅಮ್ಮನ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆ ಎಂಬುದು ನಮ್ಮ ವಂಶದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ. ಆ ನಾಲ್ಕು ಸಾಲಿನಿಂದ ನಾನು ಕಲಿತದ್ದು ಇಷ್ಟೇ, ಎಣಿಸಿದರೆ ಯಾರಿಗೂ ಹೇಳಬಾರದು.

ಬುಧವಾರ ಫೋನಿನ ವೈಫೈ ಪಟ್ಟಿ ತೆಗೆದು ನೋಡಿದೆ. ಸಾಬರ ಮನೆಯ ಹೆಸರು ಅಲ್ಲಿ ಇರಲೇ ಇಲ್ಲ. ಆಗ ನನಗೆ ಎಲ್ಲ ಹೊಳೆಯಿತು, ಅಂದರೆ ತಪ್ಪಾಗಿ ಹೊಳೆಯಿತು. ನನ್ನ ಅರ್ಧ ಗಂಟೆಗೆ ಸೇಡು ತೀರಿಸಿಕೊಂಡು ಬೇಕೆಂದೇ ನೆಟ್ ಕಿತ್ತಿದ್ದಾರೆ! ಸಿಟ್ಟು ಬಂತು ನೋಡಿ, ತಪ್ಪು ಮಾಡಿದವನಿಗೇ ಬರುವಂಥ ಶುದ್ಧವಾದ ಸಿಟ್ಟು. ನಾಳೆಯಿಂದ ವಾಲ್ವನ್ನು ತೆರೆಯುವುದೇ ಇಲ್ಲ, ಗೋಡೆಯ ಮೇಲಿನ ಪೈಪನ್ನೂ ಕತ್ತರಿಸಿ ತೆಗೆಯುತ್ತೇನೆ ಎಂದು ಸರೋಜಳ ಮುಂದೆ ಕೂಗಾಡಿದೆ. ಅರ್ಧ ಗಂಟೆಯ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಬೋರ್ ಕೊರೆಸಿದ ದಿನ ನೆನಪಿದೆಯೇ ಎಂದು ಕೇಳಿದಳು. ನೆನಪಿಲ್ಲದೆ ಏನು? ಲಾರಿ ಮೆಷಿನ್ನಿನ ಕಲ್ಲುಹುಡಿ ಎರಡು ದಿನ ಬೂದಿಯ ಹಾಗೆ ಹಾರಿ, ಪಕ್ಕದ ಮನೆಯ ಮಾಳಿಗೆಯಲ್ಲಿ ಒಣಗಲು ಹರಡಿದ್ದ ಹತ್ತಿಯ ಮೇಲೆಲ್ಲ ಕೂತಿತ್ತು. ಎರಡು ಹಾಸಿಗೆಯ ಹತ್ತಿಯನ್ನು ಸಾಬರು ತುಟಿ ಪಿಟಕ್ಕೆನ್ನದೆ ಮೂಟೆ ಕಟ್ಟಿ ಎಸೆದರು. ಮೂರನೇ ದಿನ ನೀರು ಬಿದ್ದಾಗ ಮೆಷಿನ್ನಿನವರಿಗೆಲ್ಲ ಟೀ ಮಾಡಿ ತಂದವರು ಶಂಶಾದ್‌ಬೀ.

"ಅಂಥವರು ಸುಮ್ಮಸುಮ್ಮನೆ ನೆಟ್ ಕೀಳ್ತಾರಾ?" ಎಂದಳು ಸರೋಜ. "ಏನೋ ಆಗಿದೆ. ಆ ಕ್ಯಾಮೆರಾ ಒಳಗಿನ ಕಾರ್ಡಲ್ಲಿ ನೋಡಿ, ನೆಟ್ ಇಲ್ದೇ ಇದ್ರೂ ಅದರಲ್ಲಿ ರೆಕಾರ್ಡ್ ಆಗತ್ತಂತಲ್ಲ."

ಕೊಸರಿಗೆ ಬಂದ ಕಾರ್ಡು! ನಾನು ಅದನ್ನು ಮರೆತೇಬಿಟ್ಟಿದ್ದೆ. ಮತ್ತೆ ಕ್ರೇಟು ಹತ್ತಿ ಕಾರ್ಡು ತೆಗೆದೆ. ಅವಳ ಹಳೇ ಫೋನಿನಲ್ಲಿ ಅದನ್ನು ಹಾಕುವ ಜಾಗವಿತ್ತು. ಇಬ್ಬರೂ ಪಡಸಾಲೆಯಲ್ಲಿ ಕೂತು ನೋಡತೊಡಗಿದೆವು. ಗೇಟು, ತೊಟ್ಟಿ, ಗೋಡೆ, ಗೋಡೆಯ ಬುಡದ ವಾಲ್ವು. ಹಾಲಿನವನು ಬಂದ, ಹೋದ. ನಾಯಿ ಬಂತು, ಹೋಯಿತು. ಆಮೇಲೆ ಬೆಳಗ್ಗೆ ಆರೂವರೆಗೆ ಲುಂಗಿ ಮೇಲಕ್ಕೆ ಕಟ್ಟಿ, ತಲೆಯ ಮೇಲೆ ಟವೆಲ್ ಹೊದ್ದ ಒಬ್ಬ ಆಸಾಮಿ ಗೋಡೆಯ ಬದಿಯಿಂದ ಬಂದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತುದಿಗಾಲಲ್ಲಿ ಕುಕ್ಕರಗಾಲು ಹಾಕಿದ. ಸದ್ದಾಗದಿರಲೆಂದು ವಾಲ್ವನ್ನು ಇಂಚಿಂಚಾಗಿ ತಿರುಗಿಸಿದ. ಎದ್ದು ಮತ್ತೆ ಎಡಕ್ಕೆ ಬಲಕ್ಕೆ ನೋಡಿ ಸರಕ್ಕನೆ ಮರೆಯಾದ.

ಕಳ್ಳ ಎಂದು ಯಾರು ನೋಡಿದರೂ ಹೇಳುತ್ತಿದ್ದರು. ಆ ನಡಿಗೆಯಲ್ಲೇ ಕಳ್ಳತನವಿತ್ತು. ನಾನೂ ಒಂದು ಕ್ಷಣ, ಸಿಕ್ಕಿದ ನನ್ನ ಮಗ, ಎಂದುಕೊಂಡೆ. ಆಮೇಲೆ ಟವೆಲ್ಲಿನ ಗುರುತು ಸಿಕ್ಕಿತು.

ಸರೋಜ ಮುಂದಿನ ದಿನದ್ದನ್ನು ಹಾಕಿದಳು. ಅದೇ ಆಸಾಮಿ. ಅದರ ಮುಂದಿನ ದಿನ, ಮತ್ತೆ ಅವನೇ. ಫೋನು ಕೆಳಗಿಟ್ಟಳು.

"ಕಳ್ಳ ಸಿಕ್ಕಿದ ಬಿಡಿ" ಎಂದಳು. ನನ್ನ ಕಡೆ ತಿರುಗಿ, "ಸಿಗ್ಗು ಲೇದಾ ಮೀಕು?" ಎಂದಳು. ಕೋಪ ಕನ್ನಡದಲ್ಲಿ ಹಿಡಿಸದೆ ಹೋದಾಗ ಅವಳು ತನ್ನ ತವರಿನ ತೆಲುಗಿಗೆ ಹೋಗುತ್ತಾಳೆ. ನಾಚಿಕೆ ಆಗಲ್ವಾ ಅಂತ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಕೇಳಿದ್ದು ಅದು ಎರಡನೇ ಸಲ. ಮೊದಲನೇದು ನಮ್ಮ ಮದುವೆಯಲ್ಲಿ ನಾನು ಪುರೋಹಿತರ ದಕ್ಷಿಣೆ ಇಳಿಸಿದಾಗ.

ಪಕ್ಕದ ಮನೆಗೆ ಹೋದೆ. ಹೋದೆ ಅನ್ನುವುದಕ್ಕಿಂತ ಅವಳು ಕಳಿಸಿದಳು ಅನ್ನಬೇಕು. ಮೆಹಬೂಬ್ ಸಾಬರು ಜಗಲಿಯ ಮೇಲೆ ಹಾಸಿಗೆಗೆ ದಬ್ಬಳ ಹಾಕುತ್ತಿದ್ದವರು, "ಬನ್ನಿ ಸ್ವಾಮಣ್ಣ, ಕೂತ್ಕೊಳಿ" ಎಂದು ಪಕ್ಕಕ್ಕೆ ಸರಿದರು. ಬಾಗಿಲ ಪಕ್ಕ ಎರಡು ನೀಲಿ ಡ್ರಮ್ಮು ಹೊಸದಾಗಿ ಬಂದಿದ್ದವು. ಮುಚ್ಚಳದ ಮೇಲೆ ಟ್ಯಾಂಕರ್ ನೀರಿನ ಬಿಳಿ ಉಪ್ಪಿನ ಗೆರೆ. ಅವನ್ನು ನೋಡಿಯೂ ನೋಡದ ಹಾಗೆ ಕೂತು, ನೆಟ್ ಇಲ್ಲವಾ ಎಂದು ಕೇಳಿದೆ.

ತೆಗೆಸಿಬಿಟ್ಟೆ ಎಂದರು. ಶಬಾನಾಗೆ ಶ್ರೀನಿವಾಸಪುರದ ಶಾಲೆಯಲ್ಲಿ ಕೆಲಸವಾಗಿ ಮೂರು ತಿಂಗಳಾಗಿತ್ತಲ್ಲ, ಅವಳಿಗೆ ಫೋನಿನ ನೆಟ್ಟೇ ಸಾಕಂತೆ. ಅಂದರೆ ಮೂರು ತಿಂಗಳಿಂದ ಆ ಮನೆಯ ನೆಟ್ಟಿಗೆ ಇದ್ದ ಗಿರಾಕಿ ಒಂದೇ, ನನ್ನ ಕ್ಯಾಮೆರಾ. ಅದಕ್ಕೋಸ್ಕರವೇ ಅವರು ತಿಂಗಳು ತಿಂಗಳು ಕಟ್ಟುತ್ತಿದ್ದರು. ಹಾಗಾದರೆ ಈಗ ಯಾಕೆ ತೆಗೆಸಿದಿರಿ ಎಂದೆ.

ಅವರು ದಬ್ಬಳವನ್ನು ಹಾಸಿಗೆಯಲ್ಲಿ ಚುಚ್ಚಿಟ್ಟರು. "ನಿಮ್ ಬೋರಲ್ಲಿ ನೀರು ಇಳಿದಿದೆ ಸ್ವಾಮಣ್ಣ, ಬೇಸಿಗೆ. ಅದನ್ನ ನಮಗೆ ಹೇಳೋಕೆ ನಿಮಗೆ ಸಂಕೋಚ. ನಮ್ ನೆಟ್ ನಿಮ್ ಕಡೆ ಬರ್ತಾ ಇದ್ರೆ ನೀವು ಮರ್ಯಾದೆಗೋಸ್ಕರ ನೀರು ಬಿಡ್ತಾನೇ ಇರ್ತೀರ. ಅದಕ್ಕೇ ನಾವೇ ನಿಲ್ಲಿಸಿಬಿಟ್ವಿ. ನಿಮ್ ತಲೆ ಮೇಲೆ ಭಾರ ಯಾಕೆ?"

ವ್ಯಾಪಾರ ಮಾಡುವವರಿಗೆ ಗೊತ್ತಿರುತ್ತದೆ, ಒಮ್ಮೊಮ್ಮೆ ಎದುರಿನವನೇ ನಾವು ಕೇಳಲು ಹೆದರಿದ್ದ ಬೆಲೆಗಿಂತ ಕಮ್ಮಿ ಹೇಳಿಬಿಡುತ್ತಾನೆ. ಆಗ ಬಾಯಿ ಮುಚ್ಚಿಕೊಂಡು ಹೂಂ ಅನ್ನಬೇಕು, ಅಷ್ಟೇ. ಹೂಂ ಅಂದಿದ್ದರೆ ಮುಗಿದೇ ಹೋಗಿತ್ತು. ನೀರೂ ಉಳಿಯುತ್ತಿತ್ತು, ಮುಖವೂ ಉಳಿಯುತ್ತಿತ್ತು, ಮೇಲೆ ಅವರಿಂದ ಅನುಕಂಪ ಕೊಸರು. ಹೂಂ ಅನ್ನುವುದಕ್ಕೆ ಬಾಯಿ ತೆರೆದಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಶಂಶಾದ್‌ಬೀ ಟೀ ತಂದು ಕೊಟ್ಟರು. ಒಂದು ಗುಟುಕು ಕುಡಿದೆ. ಟೀ ಉಪ್ಪುಪ್ಪಾಗಿತ್ತು. ಟ್ಯಾಂಕರ್ ನೀರು. ಅವರ ಮನೆಯ ಟೀ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗಿರಲಿಲ್ಲ.

"ಬೋರಲ್ಲಿ ನೀರಿದೆ ಸಾಬ್ರೇ" ಎಂದೆ. "ವಾಲ್ವು ಮುಚ್ತಾ ಇದ್ದಿದ್ದು ನಾನೇ."

ಶಂಶಾದ್‌ಬೀ ಗಂಡನ ಕಡೆ ನೋಡಿದರು. ಸಾಬರು ಲೋಟದ ಟೀಯನ್ನು ನಿಧಾನವಾಗಿ ಊದಿ, ಕುಡಿದು ಮುಗಿಸಿ, ಕೆಳಗಿಟ್ಟರು.

"ಗೊತ್ತು ಸ್ವಾಮಣ್ಣ. ಆ ವಾಲ್ವು ಕಿರ್ರ್ ಅನ್ನತ್ತೆ, ನಮ್ ಅಡುಗೆಮನೇಗೆ ಕೇಳತ್ತೆ. ನೀವು ಮೆಲ್ಲಗೆ ತಿರುಗಿಸಿದಷ್ಟೂ ಜಾಸ್ತಿ ಹೊತ್ತು ಕಿರ್ರ್ ಅನ್ನತ್ತೆ. ಒಂದ್ ಹನಿ ಎಣ್ಣೆ ಬಿಡಿ."

ಮೊದಲನೇ ದಿನದಿಂದಲೇ ಅವರಿಗೆ ಗೊತ್ತಿತ್ತು. ಬೋರಿನಲ್ಲಿ ನೀರು ಇಳಿದಿದೆ ಎಂಬ ಕಥೆಯನ್ನು ಅವರು ಕಟ್ಟಿದ್ದು ನನಗೆ ವಾಪಸು ಬರಲು ಒಂದು ದಾರಿ ಇರಲಿ ಎಂದು. ನಾನು ಆ ದಾರಿಯಲ್ಲಿ ಬರದೆ ಗೋಡೆ ಹಾರಿ ಬಂದದ್ದು ಅವರಿಗೆ ಸ್ವಲ್ಪ ನಿರಾಳವಾದ ಹಾಗೆ ಕಂಡಿತು. ಮತ್ತೆ ದಬ್ಬಳ ಕೈಗೆತ್ತಿಕೊಂಡು, ಈ ವರ್ಷ ಬಾದಾಮಿ ಮಾವಿಗೆ ರೇಟು ಹೇಗಿದೆ ಎಂದು ಕೇಳಿದರು.

ಈಗ ನೆಟ್ ನನ್ನ ಮನೆಯಲ್ಲಿದೆ, ನನ್ನ ಹೆಸರಿನಲ್ಲಿದೆ. ಹಾಕಲು ಬಂದವನ ಹತ್ತಿರ ವೈರಿನ ದುಡ್ಡು ಇಳಿಸಿದೆ, ಅಷ್ಟಕ್ಕೂ ಬಿಡಲು ನಾನೇನು ಸನ್ಯಾಸಿಯಲ್ಲ. ಪಾಸ್‌ವರ್ಡು ಸಾಬರ ಮನೆಯ ಕ್ಯಾಲೆಂಡರಿನ ಮೇಲೆ ಶಬಾನಾಳ ಮುದ್ದಾದ ಅಕ್ಷರದಲ್ಲಿದೆ. ಕ್ಯಾಮೆರಾದ ಹೆಂಗಸು ಜೋಡಣೆ ಆಯಿತು ಎಂದು ಕೊನೆಗೂ ಒಪ್ಪಿಕೊಂಡಳು. ವಾಲ್ವು ಒಂದೂವರೆ ಗಂಟೆ ತೆರೆದಿರುತ್ತದೆ. ಇಷ್ಟು ಯಾಕೆ ಎಂದು ಶಂಶಾದ್‌ಬೀ ಗೋಡೆಯಾಚೆಯಿಂದ ಕೇಳಿದರು. ಒಂದು ಗಂಟೆ ಮುಯ್ಯಿಗೆ, ಇನ್ನರ್ಧ ನಾನು ಎಣಿಸಿದ್ದಕ್ಕೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಇನ್ನು ನಿಮಗೆ ಕೆಲವು ಮಾತು, ಕಾಸಿಲ್ಲದೆ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ. ಕ್ಯಾಮೆರಾ ಕೊಂಡರೆ ಬಿಲ್ ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್ ಮುನ್ನೂರು ಕೇಳಿದರೆ ಮುನ್ನೂರೇ ಕೊಡಿ, ಉತ್ತರ ಪೂರ್ತಿ ಸಿಗುತ್ತದೆ. ಕೆಂಪು ದೀಪ ಮಿಣುಕಿದರೆ ಮೊದಲು ನೆಟ್ ಎಲ್ಲಿಂದ ಬರುತ್ತಿದೆಯೋ ಆ ಮನೆಗೆ ಹೋಗಿ ನೋಡಿ, ಆಮೇಲೆ ಬೇಕಾದರೆ ಕ್ರೇಟು ಹತ್ತಿ. ಪಿನ್ನು ಚುಚ್ಚುವುದು ಎಲ್ಲಕ್ಕಿಂತ ಕೊನೆಗೆ. ತೊಟ್ಟಿಗೆ ಹಿತ್ತಾಳೆ ನಲ್ಲಿ ಹಾಕಿಸಲೇಬೇಡಿ. ಅರವತ್ತು ರೂಪಾಯಿಗೆ ಪ್ಲಾಸ್ಟಿಕ್ ನಲ್ಲಿ ಸಿಗುತ್ತದೆ, ಯಾವ ಕಳ್ಳನೂ ಅದನ್ನು ಮುಟ್ಟುವುದಿಲ್ಲ. ನಾನು ಮೊದಲೇ ಅದನ್ನು ಹಾಕಿಸಿದ್ದರೆ ಕ್ಯಾಮೆರಾನೂ ಬೇಕಿರಲಿಲ್ಲ, ಈ ಕಥೆಯೂ ಇರುತ್ತಿರಲಿಲ್ಲ.

ಕೊನೆಯದಾಗಿ, ನಿಮ್ಮ ಮನೆಯಿಂದ ಪಕ್ಕದ ಮನೆಗೆ ನೀರು ಹೋಗುವ ವಾಲ್ವು ಕಿರ್ರ್ ಅನ್ನುತ್ತಿದ್ದರೆ ಎಣ್ಣೆ ಬಿಡಬೇಡಿ. ಸಾಬರು ಹೇಳಿದರೂ ನಾನು ಬಿಟ್ಟಿಲ್ಲ. ಎಷ್ಟು ಹೊತ್ತಿಗೆ ತೆರೆದೆ, ಎಷ್ಟು ಹೊತ್ತಿಗೆ ಮುಚ್ಚಿದೆ ಅನ್ನುವುದು ಅವರ ಅಡುಗೆಮನೆಗೆ ಕೇಳುತ್ತಿರಲಿ. ಅದಕ್ಕಿಂತ ಅಗ್ಗದ ಕ್ಯಾಮೆರಾ ಕೋಲಾರದಲ್ಲೂ ಇಲ್ಲ, ವಿಚಾರಿಸಿದ್ದೇನೆ.